ಟಾಸ್ಕ್ ನಿಜವಾಗಿ ಎಷ್ಟು ಮೆಮೊರಿ ತಿನ್ನುತ್ತಿದೆ?

ನೀವು ಕೇಳಿದ್ದು ಇದು: ದೊಡ್ಡ ಡೇಟಾವನ್ನು ಹಲವು ಯಂತ್ರಗಳಿಗೆ ಹಂಚಿ ಸಂಸ್ಕರಿಸುವ ಸ್ಪಾರ್ಕ್‌ನಲ್ಲಿ, ಟಾಸ್ಕ್‌ಗಳನ್ನು (ಕೆಲಸದ ತುಂಡುಗಳನ್ನು) ಓಡಿಸುವ ಎಕ್ಸಿಕ್ಯೂಟರ್‌ಗೆ 8 ಜಿಬಿ ಮೆಮೊರಿ, 4 ಕೋರ್ ಕೊಟ್ಟಿದ್ದೀರಿ. ಸ್ಪಾರ್ಕ್‌ನ ವೆಬ್ ಪುಟದಲ್ಲಿ (ಯುಐ) ಯಾವ ಟಾಸ್ಕಿನ ಪೀಕ್ ಎಕ್ಸಿಕ್ಯೂಷನ್ ಮೆಮೊರಿಯೂ 600 ಎಂಬಿ ದಾಟಿಲ್ಲ. ಆದರೂ 9 ಜಿಬಿ ಮೀರಿತು ಅಂತ ಕ್ಲಸ್ಟರ್‌ನ ಮೆಮೊರಿ ಹಂಚುವ ಯಾರ್ನ್, ಎಕ್ಸಿಕ್ಯೂಟರ್ ಓಡುವ ಕಂಟೇನರನ್ನು ನಿಲ್ಲಿಸುತ್ತಿದೆ. ಕೋಡ್‌ನಲ್ಲಿ ಸಾಲುಗಳನ್ನು ಅಂಗಡಿವಾರು ಗುಂಪು ಮಾಡಿ, ಪ್ರತಿ ಗುಂಪಿನ ಮೇಲೆ ಪಾಂಡಾಸ್ (ಪೈಥಾನ್‌ನ ಡೇಟಾ ಲೈಬ್ರರಿ) ಕೋಡ್ ಓಡಿಸುವ ಅಪ್ಲೈಇನ್‌ಪಾಂಡಾಸ್ ಇದೆ.

ಯುಐ ಸುಳ್ಳು ಹೇಳುತ್ತಿಲ್ಲ. ಆ ಅಂಕಿಯಲ್ಲಿ ಬರುವುದು ಶಫಲ್ (ಡೇಟಾ ಮರುಹಂಚಿಕೆ), ಜಾಯಿನ್, ಅಗ್ರಿಗೇಷನ್‌ಗೆ ಸ್ಪಾರ್ಕ್ ತಾನೇ ಲೆಕ್ಕವಿಟ್ಟು ಕೊಡುವ ಜಾಗ ಮಾತ್ರ. ಪಾಂಡಾಸ್ ಓಡುವುದು ಸ್ಪಾರ್ಕ್ ಇರುವ ಜೆವಿಎಂ (ಜಾವಾ ವರ್ಚುವಲ್ ಮೆಷಿನ್) ಹೊರಗೆ, ಬೇರೆ ಪೈಥಾನ್ ಪ್ರೊಸೆಸ್‌ನಲ್ಲಿ. ಅದಕ್ಕೆ ಸಿಗುವುದು ಮೆಮೊರಿಓವರ್‌ಹೆಡ್, ಅಂದರೆ ಎಕ್ಸಿಕ್ಯೂಟರ್ ಮೆಮೊರಿಯ ಮೇಲೆ ಹೆಚ್ಚುವರಿಯಾಗಿ ಇಡುವ ಪಾಲು. ನೀವೇ ಬದಲಿಸದಿದ್ದರೆ ಅದು 8 ಜಿಬಿಯ ಶೇ. 10, ಅಂದರೆ ಸುಮಾರು 819 ಎಂಬಿ. 4 ಟಾಸ್ಕ್ ಒಟ್ಟಿಗೆ ಓಡಿದರೆ ಒಂದಕ್ಕೆ 200 ಎಂಬಿ ಆಸುಪಾಸು. ಜೆವಿಎಂನ ಥ್ರೆಡ್ ಸ್ಟ್ಯಾಕ್, ಡೈರೆಕ್ಟ್ ಬಫರ್‌ಗಳೂ ಅದರಲ್ಲೇ ಪಾಲು ಕೇಳುತ್ತವೆ. ಸಾಲುತ್ತಾ ಹೇಳಿ!

ಅಳೆಯಲು ಸ್ಪಾರ್ಕ್ 3ರಲ್ಲಿ 'ಸ್ಪಾರ್ಕ್.ಎಕ್ಸಿಕ್ಯೂಟರ್.ಪ್ರೊಸೆಸ್‌ಟ್ರೀಮೆಟ್ರಿಕ್ಸ್.ಎನೇಬಲ್ಡ್' ಆನ್ ಮಾಡಿ. ಲಿನಕ್ಸ್‌ನ ಪ್ರಾಕ್ ಫೈಲ್‌ಗಳಿಂದ ಜೆವಿಎಂ, ಪೈಥಾನ್ ಎರಡರ ಆರ್‌ಎಸ್‌ಎಸ್ (ಪ್ರೊಸೆಸ್ ನಿಜವಾಗಿ ಹಿಡಿದಿರುವ ಮೆಮೊರಿ) ಬೇರೆ ಬೇರೆಯಾಗಿ ಬರುತ್ತದೆ. ಒಂದು ತೊಂದರೆ ಇದೆ. ಸುಮ್ನೆ ಬಿಟ್ಟರೆ ಹಾರ್ಟ್‌ಬೀಟ್ (ಎಕ್ಸಿಕ್ಯೂಟರ್ ಆಗಾಗ ಕಳಿಸುವ 'ಬದುಕಿದ್ದೇನೆ' ಸಂದೇಶ) ಜೊತೆ, ಅಂದರೆ 10 ಸೆಕೆಂಡಿಗೊಮ್ಮೆ ಮಾತ್ರ ಅಳೆಯುತ್ತದೆ. ನಡುವೆ ಏರಿ ಇಳಿದದ್ದು ಕಾಣುವುದೇ ಇಲ್ಲ. ಹಾಗಾಗಿ ಮೆಟ್ರಿಕ್ಸ್ ಪೋಲಿಂಗ್ ಇಂಟರ್ವಲ್ ಅನ್ನು 1 ಸೆಕೆಂಡಿಗೆ ಇಳಿಸಿ.

ಇಷ್ಟಾದರೂ ಬರುವುದು ಇಡೀ ಎಕ್ಸಿಕ್ಯೂಟರ್‌ನ ಲೆಕ್ಕ, ಒಂದು ಟಾಸ್ಕಿನದಲ್ಲ. ನನಗೆ ಹಿಡಿಸುವ ದಾರಿ: ಅದೇ ಡೇಟಾವನ್ನು ಒಮ್ಮೆ 1 ಕೋರ್, ಇನ್ನೊಮ್ಮೆ 2 ಕೋರ್ ಕೊಟ್ಟು ಓಡಿಸಿ. ಪೈಥಾನ್ ಆರ್‌ಎಸ್‌ಎಸ್ ಎಷ್ಟು ಏರಿತೋ ಅದೇ ಹೆಚ್ಚುಕಮ್ಮಿ ಒಂದು ಟಾಸ್ಕಿನ ಖರ್ಚು. ಜೆವಿಎಂ ತನ್ನ ಡೇಟಾ ಇಡುವ ಹೀಪ್‌ಗೆ ಈ ಕಳೆಯುವ ಲೆಕ್ಕ ಬೇಡ. ಇನ್ನೂ ತೆಗೆಯದ ಕಸವೂ ಅದರಲ್ಲಿ ಸೇರಿರುತ್ತದೆ, ಅಂಕಿ ಯಾವಾಗಲೂ ದಪ್ಪ.

ಸರಾಸರಿ ನೋಡಿ ಮೋಸ ಹೋಗಬೇಡಿ. ಅಪ್ಲೈಇನ್‌ಪಾಂಡಾಸ್ ಒಂದು ಗುಂಪಿನ ಎಲ್ಲ ಸಾಲುಗಳನ್ನೂ ಒಟ್ಟಿಗೆ ಮೆಮೊರಿಗೆ ತರುತ್ತದೆ. ಜೆವಿಎಂನಿಂದ ಪೈಥಾನ್‌ಗೆ ಡೇಟಾ ಸಾಗಿಸುವ ಆರೋಗೆ ಇರುವ, ಬ್ಯಾಚಿಗೆ 10,000 ಸಾಲು ಎಂಬ ಮಿತಿ ಇಲ್ಲಿ ನಡೆಯುವುದಿಲ್ಲ. ಮೊದಲು ಅಂಗಡಿವಾರು ಕೌಂಟ್ ತೆಗೆದು, ಅತಿ ದೊಡ್ಡ ಅಂಗಡಿ ಇರುವ ಭಾಗದ ಮೇಲೆಯೇ ಅಳತೆ ಮಾಡಿ.

ಬಂದ ಅಂಕಿಯನ್ನು ಕೋರ್ ಸಂಖ್ಯೆಯಿಂದ ಗುಣಿಸಿ, ಜೆವಿಎಂಗೆ ಒಂದಿಷ್ಟು ಸೇರಿಸಿ, ಓವರ್‌ಹೆಡ್‌ಗೆ ಕೊಡಿ. ಎಕ್ಸಿಕ್ಯೂಟರ್ ಮೆಮೊರಿ ಏರಿಸಿದರೆ ಜಾಸ್ತಿ ಪಾಲು ಹೀಪ್‌ಗೇ ಹೋಗುತ್ತದೆ. ಕ್ಲಸ್ಟರ್‌ನಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಕೋರ್ 2ಕ್ಕೆ ಇಳಿಸಿ. ಕೆಲಸ ನಿಧಾನವಾಗುತ್ತದೆ, ಆದರೆ ಮುಗಿಯುತ್ತದೆ.