ಕಲ್ಲಿನ ಕೆಳಗ ಸಿಕ್ಕ ಚಪ್ಪಟಿ ಹುಳ

ಪ್ರಶ್ನೆ: ಸರ್, ಸಾಣಾಪುರದ ಕಡೆ ಹಳ್ಳಕ್ಕ ಹೋದಾಗ ನೀರಾಗಿನ ಒಂದು ಕಲ್ಲು ಹೊಳ್ಳಿಸಿ ನೋಡಿದ್ವಿ, ಅಡಿಗೆ ಉಗುರಿನಷ್ಟ ಉದ್ದದ ಕಂದು ಬಣ್ಣದ ಚಪ್ಪಟಿ ಹುಳ ಅಂಟಿಕೊಂಡಿದ್ದವು. ನಮ್ಮ ಮಾವ ಜಿಗಣಿ ಅಂದ್ರು, ಅಣ್ಣ ಕುರಿ ಲಿವರ್ ತಿನ್ನೋ ಹುಳ ಇದ ಅಂದ. ಕುಯ್ದ್ರ ಒಂದು ಎರಡು ಆಗ್ತಾವಂತ, ಖರೇ ಏನ್ರಿ?
– ಬಿ.ಎಸ್‌ಸಿ ವಿದ್ಯಾರ್ಥಿನಿ, ಗಂಗಾವತಿ

ಉತ್ತರ: ಎರಡೂ ಅಲ್ಲ ತಂಗಿ, ಅದು ಪ್ಲನೇರಿಯಾ. ಜಿಗಣಿ ಮೈಮ್ಯಾಲ ಉಂಗುರ ಉಂಗುರ ಇರ್ತಾವು, ಎರಡೂ ತುದಿಗೆ ಹೀರೋ ಬಟ್ಟಲು ಇರ್ತಾವು, ಅದು ನಾವು ಗೇಣು ಹಾಕಿ ಅಳಿಯೋ ಹಂಗ ಮೈ ಮಡಚಿ ಮಡಚಿ ಹೋಗ್ತೈತಿ. ಪ್ಲನೇರಿಯಾ ಹಂಗಲ್ಲ, ಎಣ್ಣಿ ಹನಿ ಜಾರಿದಂಗ ಸುಮ್ನ ಜಾರತೈತಿ, ಯಾಕಂದ್ರ ಹೊಟ್ಟಿ ಕೆಳಗ ಕಣ್ಣಿಗೆ ಕಾಣದಷ್ಟು ಸಣ್ಣ ರೋಮ ಅದಾವು, ಅದು ಲೋಳಿ ಹಾಕ್ಕೋಂತ ಅದರ ಮ್ಯಾಲ ಆ ರೋಮ ಬಡಿದು ಮುಂದ ಹೋಗ್ತೈತಿ. ಮನುಷ್ಯರಿಗೆ ಕಚ್ಚೂದಿಲ್ಲ, ರಕ್ತ ಹೀರೂದಿಲ್ಲ. ಅಣ್ಣ ಹೇಳಿದ್ದು ಪೂರಾ ತಪ್ಪೂ ಅಲ್ಲ, ಕುರಿ ಲಿವರಿನ ಹುಳ ಇದ ವಂಶದ್ದು, ಕೆಳಗ ಇನ್ನೊಬ್ಬರು ಅದನ್ನ ಕೇಳ್ಯಾರ, ಅಲ್ಲಿ ಹೇಳ್ತೀನಿ.

ಮುಂದಿನ ಸಲ ಸಿಕ್ರ ಹಿಂಗ ಮಾಡು. ಬಿಳಿ ಸಾಸರಿನಾಗ ಹಳ್ಳದ್ದ ನೀರು ಹಾಕು (ನಳದ ನೀರು ಬ್ಯಾಡ, ಕ್ಲೋರಿನ್‌ಗೆ ಸಾಯ್ತಾವು), ಹುಳಾನ ಬ್ರಷ್‌ನಿಂದ ಮೆಲ್ಲಕ ಅದರಾಗ ಬಿಟ್ಟು ಒಂದು ಲೆನ್ಸ್ ಹಿಡಿ. ತಲಿ ಮ್ಯಾಲ ಎರಡು ಕಪ್ಪು ಚುಕ್ಕಿ ಕಾಣ್ತಾವು, ಮೆಳ್ಳಗಣ್ಣಿನಂಗ, ಅವು ಕಣ್ಣು. ಚಿತ್ರ ಕಾಣೂದಿಲ್ಲ ಅದಕ್ಕ, ಬೆಳಕು ಯಾವ ಕಡೆಯಿಂದ ಬರ್ತೈತಿ ಅಂತ ಮಾತ್ರ ಗೊತ್ತಾಗ್ತೈತಿ, ಟಾರ್ಚ್ ಹಿಡಿದ್ರ ಹೊಳ್ಳಿ ಕತ್ತಲಿ ಕಡೆ ಹೋಗ್ತೈತಿ. ಆಮ್ಯಾಲ ಬೇಯಿಸಿದ ತತ್ತಿ ಹಳದಿ ಒಂದು ಚೂರು ಹಾಕು. ನಾನು ಲ್ಯಾಬಿನಾಗ ಇದನ್ನ ಮೊದಲ ಸಲ ನೋಡಿದಾಗ ತಲಿ ಕಡೆಯಿಂದ ತಿಂತೈತಿ ಅಂತ ಕಾಯ್ಕೊಂತ ಕುಂತಿದ್ದೆ, ತಲ್ಯಾಗ ಬಾಯಿನ ಇಲ್ಲ! ಹೊಟ್ಟಿ ನಡುವಿನಿಂದ ಬಿಳಿ ಸ್ಟ್ರಾದಂಗ ಒಂದು ಕೊಳವಿ ಹೊರಗ ಬಂದು ಹೀರಾಕತ್ತಿತ್ತು. ಆ ದಿನ ನನಗ ಊಟ ಮರೆತೇ ಹೋಗಿತ್ತು. ಉಳಿದ ಹೊಲಸೂ ಅದ ಬಾಯಿಂದ ಹೊರಗ ಹೋಗ್ತೈತಿ, ಬ್ಯಾರೆ ದಾರಿ ಇಲ್ಲ.

ರಕ್ತ ಇಲ್ಲ, ಹೃದಯ ಇಲ್ಲ, ಶ್ವಾಸಕೋಶ ಇಲ್ಲ. ಹಂಗಾರ ಆಮ್ಲಜನಕ ಹೆಂಗ? ಚಪ್ಪಟಿ ಇರೂದ ಅದಕ್ಕ ಉತ್ತರ, ಮೈ ಅಷ್ಟು ತೆಳ್ಳಗ ಇದ್ರ ಯಾವ ಜೀವಕೋಶನೂ ನೀರಿನಿಂದ ದೂರ ಇರೂದಿಲ್ಲ, ಚರ್ಮದಿಂದ ತಾನ ಒಳಗ ಇಳೀತೈತಿ. ಕರುಳೂ ಮರದ ಟೊಂಗಿಯಂಗ ಮೈತುಂಬ ಹರಡಿಕೊಂಡಿರ್ತೈತಿ, ಹಿಂಗಾಗಿ ಊಟ ಸಾಗಿಸಾಕ ರಕ್ತ ಬೇಕಾಗೂದಿಲ್ಲ.

ಕುಯ್ಯೋದು ಖರೇನ. ತಲಿ ತುಂಡಿಗೆ ಬಾಲ, ಬಾಲದ ತುಂಡಿಗೆ ತಲಿ, ಮಿದುಳು, ಕಣ್ಣು ಎಲ್ಲಾ ಒಂದು ವಾರದಿಂದ ಎರಡು ವಾರದಾಗ ಬರ್ತಾವು. 1898ರಾಗ ಥಾಮಸ್ ಹಂಟ್ ಮಾರ್ಗನ್ ಅನ್ನೋ ವಿಜ್ಞಾನಿ ಹುಳದ 279ನೇ ಒಂದು ಭಾಗದಷ್ಟು ಸಣ್ಣ ತುಂಡಿನಿಂದನೂ ಪೂರಾ ಹುಳ ಆಗ್ತೈತಿ ಅಂತ ಬರೆದ್ರು (ಮುಂದ 1933ರಾಗ ಅವರಿಗೆ ನೊಬೆಲ್ ಬಂತು, ಅದು ಅನುವಂಶೀಯತೆ ಕೆಲಸಕ್ಕ). ಗುಟ್ಟು ಏನಂದ್ರ ನಿಯೋಬ್ಲಾಸ್ಟ್ ಅನ್ನೋ ಕಾಂಡಕೋಶ, ಮೈಯಾಗಿನ ಜೀವಕೋಶದಾಗ ಸುಮಾರು ಐದರಾಗ ಒಂದು ಇವ ಇರ್ತಾವು, ಏನು ಬೇಕಾದ್ರೂ ಆಗಬಲ್ಲವು. ಬಾಲದ ತುಂಡಿಗೆ ಬಾಯಿ ಇಲ್ಲಲ್ಲ, ಹೊಸದು ಕಟ್ಟೋತನಕ ತಿನ್ನಾಕ ಆಗೂದಿಲ್ಲ, ತನ್ನ ಮೈನ ಕರಗಿಸಿ ಅದರಾಗ ತಲಿ ಮಾಡ್ಕೊಂತೈತಿ, ಅದಕ್ಕ ಹುಳ ಸಣ್ಣದಾಗ್ತೈತಿ ಆದ್ರ ಪೂರಾ ಇರ್ತೈತಿ. ಎಲ್ಲಿ ತಲಿ ಎಲ್ಲಿ ಬಾಲ ಅಂತ ಹೆಂಗ ಗೊತ್ತಾಗ್ತೈತಿ ಅಂತ ನೀನು ಕೇಳಬಹುದು. ಬೀಟಾ-ಕ್ಯಾಟೆನಿನ್ ಅನ್ನೋ ಪ್ರೋಟೀನ್ ಬಾಲ ಮಾಡು ಅಂತ ಹೇಳ್ತೈತಿ, 2008ರಾಗ ಅದರ ಜೀನ್ ಬಂದ್ ಮಾಡಿ ನೋಡಿದಾಗ ಬಾಲ ಬರೋ ಜಾಗದಾಗೂ ತಲಿ ಬಂತು. ನೋಡಿದ ಮ್ಯಾಲ ಹುಳಗಳನ್ನ ಅದ ಹಳ್ಳಕ್ಕ ಬಿಟ್ಟು, ಕಲ್ಲು ಮೊದಲು ಹೆಂಗಿತ್ತೋ ಹಂಗ ಹೊಳ್ಳಿಸಿ ಇಡು, ಬಿಸಲು ಅವಕ್ಕ ಆಗೂದಿಲ್ಲ.

ಪ್ರಶ್ನೆ: ನಮ್ಮ ಕುರಿಗೆ ದವಡಿ ಕೆಳಗ ನೀರು ತುಂಬಿದಂಗ ಬಾವು ಬರ್ತೈತಿ, ಸೊರಗ್ತಾವು. ಒಂದು ಸತ್ತದ್ದನ್ನ ಕುಯ್ಸಿದಾಗ ಲಿವರಿನಾಗ ಎಲಿಯಂಥ ಹುಳ ಇದ್ದವು. ಕಾಲುವಿ ನೀರು ಕುಡಿಸಿದ್ದಕ್ಕ ಬಂತೇನ್ರಿ?
– ಕುರಿಗಾರರು, ಸಿಂಧನೂರು ತಾಲೂಕು

ಉತ್ತರ: ಅಣ್ಣಾರ, ನೀವು ಎಲಿ ಅಂದ್ರಿ ನೋಡ್ರಿ, ಅದ ಗುರುತು. ಲಿವರ್ ಫ್ಲೂಕ್ ಅಂತಾರ, ನಮ್ಮ ಕಡೆ ಇರೋದು ಫ್ಯಾಸಿಯೋಲಾ ಜೈಗ್ಯಾಂಟಿಕಾ, ಏಳು ಸೆಂಟಿಮೀಟರ್ ತನಕ ಬೆಳೀತೈತಿ. ನೀರು ಒಂದ ಕಾರಣ ಅಲ್ಲ, ನೀರಾಗಿನ ಶಂಖದ ಹುಳ ನಡುವ ಇರಬೇಕು. ರೋಗದ ಕುರಿ ಹಿಕ್ಕಿಯಾಗ ತತ್ತಿ ಬರ್ತಾವು, ಅವು ನೀರಿಗೆ ಬಿದ್ರ ಮರಿ ಒಡದು ಈಜಿ ಹೋಗಿ ಶಂಖದ ಹುಳದ ಮೈಗೆ ಹೊಕ್ತಾವು, ಅದರಾಗ ಒಂದು ಹೋಗಿ ನೂರಾರು ಆಗಿ ಬಾಲ ಬೀಸ್ಕೊಂತ ಹೊರಗ ಬಂದು ನೀರಂಚಿನ ಹುಲ್ಲಿಗೆ, ನೆಲ್ಲಿನ ದಂಟಿಗೆ ಅಂಟಿ ಸಣ್ಣ ಚೀಲ ಕಟ್ಕೊಂತಾವು. ಕುರಿ ಆ ಹುಲ್ಲು ಮೇಯ್ದ್ರ ಮುಗೀತು, ಕರುಳು ತೂತು ಮಾಡಿ ಲಿವರಿಗೆ, ಅಲ್ಲಿಂದ ಪಿತ್ತದ ನಾಳಕ್ಕ. ರಕ್ತದಾಗಿನ ಪ್ರೋಟೀನ್ ಕಮ್ಮಿ ಆಗಿ ದವಡಿ ಕೆಳಗ ನೀರು ಇಳೀತೈತಿ. ತುಂಗಭದ್ರಾ ಎಡದಂಡೆ ಕಾಲುವಿ ಬಂದು ನೆಲ್ಲು ಬೆಳೆದ ಮ್ಯಾಲ ಶಂಖದ ಹುಳಕ್ಕ ಎಲ್ಲಾ ಕಡೆ ಒಳ್ಳೆ ಜಾಗ ಸಿಕ್ಕೈತಿ.

ಆದ್ರ ಅದ ಬಾವು ಹೊಟ್ಟಿಯ ರಕ್ತ ಹೀರೋ ಜಂತಿನಿಂದಲೂ ಬರ್ತೈತಿ, ನಿಮ್ಮ ಹಿಂಡಿನಾಗ ಎರಡೂ ಇರಬಹುದು. ಹಿಂಗಾಗಿ ಹಿಕ್ಕಿ ಡಬ್ಬ್ಯಾಗ ಹಾಕ್ಕೊಂಡು ಪಶು ಆಸ್ಪತ್ರೆಗೆ ಒಯ್ದು ಪರೀಕ್ಷೆ ಮಾಡಿಸ್ರಿ, ಅಂಗಡ್ಯಾಗ ಜಂತಿನ ಔಷಧಿ ಅಂತ ಕೊಟ್ಟಿದ್ದೆಲ್ಲಾ ಫ್ಲೂಕಿಗೆ ನಾಟೂದಿಲ್ಲ, ಫ್ಲೂಕಿನ ಎಳೇ ಮರಿ ಸಾಯಿಸೋ ಔಷಧಿ ಬ್ಯಾರೆ, ಅಳತಿ ತೂಕದ ಮ್ಯಾಲ, ಡಾಕ್ಟರ್ ಹೇಳ್ಬೇಕು. ನೀರು ನಿಂತ ಗದ್ದಿ ಬದುವಿನಾಗ ಮೇಯಿಸಬ್ಯಾಡ್ರಿ, ಅಲ್ಲಿ ಹುಲ್ಲು ಕೊಯ್ದ್ರ ಬಿಸಲಿಗೆ ಚಲೋತ್ನಾಗ ಒಣಗಿಸಿ ಹಾಕ್ರಿ. ಸತ್ತ ಕುರಿ ಲಿವರ್ ಕಾಲುವಿಗೆ ಎಸೀಬ್ಯಾಡ್ರಿ.

ಪ್ರಶ್ನೆ: ಮೀನಿನ ತೊಟ್ಟಿ ಗಾಜಿಗೆ ದಾರದ ತುಂಡಿನಂಥ ಜೀವ ಅಂಟ್ಯಾವ, ತುದಿಗೆ ಬೆರಳು ಅದಾವು. ಇವೂ ಚಪ್ಪಟಿ ಹುಳಾನ?
– ರಾಯಚೂರು

ಉತ್ತರ: ಅಲ್ರಿ, ಹೈಡ್ರಾ, ಜೆಲ್ಲಿ ಮೀನಿನ ಬಳಗ. ಆ ಬೆರಳಿನಾಗ ಚುಚ್ಚೋ ಕೋಶ ಅದಾವು, ನೀರಿನ ಸಣ್ಣ ಹುಳಾನ ಅವುಗಳಿಂದ ಹಿಡಿದು ನುಂಗ್ತೈತಿ. 1740ರ ಸುಮಾರಿಗೆ ಅಬ್ರಹಾಂ ಟ್ರೆಂಬ್ಲಿ ಇದು ಗಿಡವೋ ಪ್ರಾಣಿಯೋ ತಿಳಿಯಾಕ ಕುಯ್ದು ನೋಡಿದ್ರು, ಎರಡೂ ತುಂಡು ಪೂರಾ ಬೆಳೆದವು. ಹಂಗಾಗಿ ಗಾಜಿಗೆ ತಿಕ್ಕಿ ಪುಡಿ ಮಾಡಬ್ಯಾಡ್ರಿ, ತುಂಡು ತುಂಡಾಗಿ ಇನ್ನೂ ಜಾಸ್ತಿ ಆಗ್ತಾವು. ದೊಡ್ಡ ಮೀನಿಗೆ ಏನೂ ಆಗೂದಿಲ್ಲ, ಆಗಷ್ಟ ಒಡದ ಮರಿ ಇದ್ರ ಮಾತ್ರ ಬ್ಯಾರೆ ತೊಟ್ಟಿಗೆ ಹಾಕ್ರಿ.