ಕರೆಂಟು, ನೀರು, ಗಾಳಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಮನ್ಯಾಗ 150 ಎಎಚ್ ಟ್ಯುಬ್ಯುಲರ್ ಬ್ಯಾಟರಿ, ಇನ್ವರ್ಟರ್ ಐತ್ರಿ. ಮೂರು ಫ್ಯಾನು, ನಾಕು ಎಲ್‌ಇಡಿ ಬಲ್ಬು, ವೈಫೈ ಇಷ್ಟ ಹಚ್ಚೋದು. ಅಂಗಡ್ಯಾವ್ರು ಎಂಟು ತಾಸು ಬರ್ತೈತಿ ಅಂದಿದ್ರು. ನಾಕು ತಾಸಿಗೇ ಕೂಗಾಕ ಹತ್ತತೈತಿ. ಒಂದೂವರೆ ವರ್ಷದಾಗ ಬ್ಯಾಟರಿ ಹೋತೇನ್ರಿ?
— ಗೃಹಿಣಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಬ್ಯಾಟರಿ ಹೋಗಿಲ್ಲ, ಅಂಗಡಿಯವರ ಲೆಕ್ಕ ತಪ್ಪಿದೆ. 12 ವೋಲ್ಟ್ ಅನ್ನು 150ರಿಂದ ಗುಣಿಸಿದರೆ 1800 ವ್ಯಾಟ್-ಅವರ್. ಆದರೆ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡುವಂತಿಲ್ಲ, ಶೇ 80ರಷ್ಟು ಬಳಸಬಹುದು. ಇನ್ವರ್ಟರ್ ತನ್ನ ಪಾಲಿಗೆ ಇನ್ನೊಂದು ಶೇ 20 ತಿನ್ನುತ್ತದೆ. ನಿಮ್ಮ ಕೈಗೆ ಸಿಗುವುದು ಸುಮಾರು 1150. ಹಳೆಯ ಮಾದರಿಯ ಫ್ಯಾನು ಒಂದಕ್ಕೆ 75 ವ್ಯಾಟ್‌ನಂತೆ ಮೂರಕ್ಕೆ 225, ಬಲ್ಬು ನಾಲ್ಕಕ್ಕೆ 36, ವೈಫೈ ಪೆಟ್ಟಿಗೆಗೆ 12. ಒಟ್ಟು 273 ವ್ಯಾಟ್. ಭಾಗಿಸಿ ನೋಡಿ, ನಾಲ್ಕು ತಾಸು ಹದಿನೈದು ನಿಮಿಷ ಬರುತ್ತದೆ. ನಿಮ್ಮ ಬ್ಯಾಟರಿ ಕೊಡಬೇಕಾದ್ದನ್ನೇ ಕೊಡುತ್ತಿದೆ.

ಎಂಟು ತಾಸು ಬೇಕೆಂದರೆ ಇನ್ನೊಂದು ಬ್ಯಾಟರಿ ತರಬೇಡಿ, ಫ್ಯಾನು ಬದಲಿಸಿ. ಬಿಎಲ್‌ಡಿಸಿ ಫ್ಯಾನು ಪೂರ್ಣ ವೇಗದಲ್ಲೂ 28-30 ವ್ಯಾಟ್ ಮಾತ್ರ ಎಳೆಯುತ್ತದೆ. ಮೂರನ್ನೂ ಬದಲಿಸಿದರೆ ಒಟ್ಟು ಹೊರೆ 132 ವ್ಯಾಟ್‌ಗೆ ಇಳಿಯುತ್ತದೆ, ಅದೇ ಬ್ಯಾಟರಿ ಎಂಟೂವರೆ ತಾಸು ಎಳೆಯುತ್ತದೆ. ನಿಧಾನವಾಗಿ ಖಾಲಿಯಾಗುವ ಸೀಸದ ಬ್ಯಾಟರಿ ಒಟ್ಟಾರೆ ಹೆಚ್ಚು ಕರೆಂಟು ಕೊಡುತ್ತದೆ ಎಂಬುದೊಂದು ಲಾಭ ಬೇರೆ. 150 ಎಎಚ್ ಎಂಬ ಅಂಕಿಯೇ 20 ತಾಸು 7.5 ಆಂಪಿಯರ್‌ನಂತೆ ಎಳೆದಾಗಿನದು.

ನಿಜವಾಗಿಯೂ ಬ್ಯಾಟರಿ ಕೆಟ್ಟಿದೆಯೇ ಎಂದು ತಿಳಿಯಲು ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಸಾಕು. ಪೂರ್ತಿ ಚಾರ್ಜ್ ಮಾಡಿ, ಒಂದೆರಡು ತಾಸು ಸುಮ್ಮನೆ ಬಿಟ್ಟು, ಆರೂ ಸೆಲ್‌ಗಳ ಆಮ್ಲ ಎಳೆದು ನೋಡಿ. ಬಹುಪಾಲು ಟ್ಯುಬ್ಯುಲರ್ ಬ್ಯಾಟರಿಗಳಲ್ಲಿ 1.240ರ ಆಸುಪಾಸು ಇರಬೇಕು. ನಿಮ್ಮದರ ಅಂಕಿ ವಾರಂಟಿ ಕಾರ್ಡಿನಲ್ಲಿರುತ್ತದೆ. ಐದು ಸೆಲ್ ಸರಿಯಿದ್ದು ಒಂದು ಮಾತ್ರ 0.030ಕ್ಕಿಂತ ಹೆಚ್ಚು ಕೆಳಗಿದ್ದರೆ ಆ ಸೆಲ್ ಸತ್ತಂತೆ. ಆಗ ವಾರಂಟಿ ಕೇಳಿ. ಆರೂ ಒಟ್ಟಿಗೆ ಕೆಳಗಿದ್ದರೆ ಚಾರ್ಜ್ ಪೂರ್ತಿ ಆಗುತ್ತಿಲ್ಲ, ಇನ್ವರ್ಟರಿನ ಚಾರ್ಜಿಂಗ್ ಕಡೆ ನೋಡಿಸಿ.

ನೀರಿನ ವಿಷಯ ಒಂದಿದೆ. ಮನೆಯ ಆರ್‌ಒ ನೀರನ್ನೋ, ಎಸಿಯಿಂದ ಹನಿಯುವ ನೀರನ್ನೋ ಹಿಡಿದು ಹಾಕುವವರಿದ್ದಾರೆ. ಆರ್‌ಒ ನೀರಿನಲ್ಲಿ ಲವಣ ಉಳಿದಿರುತ್ತದೆ, ಎಸಿ ನೀರಿನಲ್ಲಿ ಧೂಳು ಮತ್ತು ಲೋಹದ ಅಂಶ ಇರುತ್ತದೆ. ಎರಡೂ ಪ್ಲೇಟು ತಿನ್ನುತ್ತವೆ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಅದೂ ಚಾರ್ಜ್ ಆದ ಮೇಲೆ. ಚಾರ್ಜ್ ಆಗುವಾಗ ದ್ರವ ಉಬ್ಬುತ್ತದೆ, ಮೊದಲೇ ತುಂಬಿಸಿದರೆ ಆಮ್ಲ ಉಕ್ಕಿ ಟರ್ಮಿನಲ್ಲಿಗೆ ಬರುತ್ತದೆ. ಆಮ್ಲವನ್ನು ಮಾತ್ರ ಎಂದೂ ಮೇಲಿಂದ ಹಾಕಬೇಡಿ. ಕಡಿಮೆಯಾಗುವುದು ನೀರು, ಆಮ್ಲ ಅಲ್ಲ.

ಪ್ರಶ್ನೆ: ಮನಿ ಮ್ಯಾಲೆ 3 ಕಿಲೋವ್ಯಾಟ್ ಸೋಲಾರ್ ಹಾಕ್ಸೀವಿ. ಮಟಮಟ ಮಧ್ಯಾಹ್ನ ಬಿಸಿಲು ಸುಡತಿದ್ರೂ ಲೈನ್ ಹೋತಂದ್ರ ಸೋಲಾರೂ ಬಂದ್. ಮೋಸ ಹೋದ್ವೇನ್ರಿ?
— ನಿವೃತ್ತ ಶಿಕ್ಷಕರು, ಸಪ್ತಾಪುರ, ಧಾರವಾಡ

ಉತ್ತರ: ಗುರುಗಳೇ, ಯಂತ್ರದಲ್ಲಿ ಮೋಸವಿಲ್ಲ. ಹಾಕುವ ಮೊದಲೇ ಇದನ್ನು ಹೇಳದಿದ್ದವರದು ತಪ್ಪು. ನಿಮ್ಮದು ಆನ್-ಗ್ರಿಡ್ ವ್ಯವಸ್ಥೆ. ಹೆಸ್ಕಾಂ ಲೈನಿನ ವೋಲ್ಟೇಜು, ಆವರ್ತನ ನೋಡಿಕೊಂಡೇ ಅದು ಕರೆಂಟು ಬಿಡುತ್ತದೆ. ಲೈನ್ ಹೋದರೆ ಎರಡು ಸೆಕೆಂಡಿನೊಳಗೆ ನಿಂತುಬಿಡಬೇಕು. ಇಲ್ಲದಿದ್ದರೆ ಕಂಬ ಹತ್ತಿ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ಗೆ ನಿಮ್ಮ ಮಾಳಿಗೆಯಿಂದ ಬಂದ ಕರೆಂಟು ಹೊಡೆಯುತ್ತದೆ.

ಮನೆಯಲ್ಲಿ ಹಳೆಯ ಬ್ಯಾಟರಿ-ಇನ್ವರ್ಟರ್ ಇದ್ದರೆ ತೆಗೆಯಬೇಡಿ. ಲೈನ್ ಹೋದಾಗ ಅದು ಎಂದಿನಂತೆ ಫ್ಯಾನು-ದೀಪ ನಡೆಸುತ್ತದೆ, ಎರಡಕ್ಕೂ ಜಗಳವಿಲ್ಲ. ಆದರೆ ಸೋಲಾರ್ ಇನ್ವರ್ಟರಿನ ಔಟ್‌ಪುಟ್ ಅನ್ನು ಬ್ಯಾಟರಿ ಇನ್ವರ್ಟರಿನ ಕಡೆಗೆ ಜೋಡಿಸಿ ಮೋಸ ಮಾಡಿ ಓಡಿಸೋಣವೆಂದು ಯಾವ ಎಲೆಕ್ಟ್ರಿಶಿಯನ್ ಹೇಳಿದರೂ ಒಪ್ಪಬೇಡಿ, ಎರಡರಲ್ಲೊಂದು ಸುಡುತ್ತದೆ. ಲೈನ್ ಇಲ್ಲದಾಗಲೂ ಸೂರ್ಯನ ಕರೆಂಟೇ ಬೇಕೆಂದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು. ದಿನಕ್ಕೆ ಒಂದೆರಡು ತಾಸು ಲೈನ್ ಹೋಗುವ ಧಾರವಾಡದ ಮನೆಗೆ ಆ ಖರ್ಚು ದಂಡ ಎಂಬುದು ನಮ್ಮ ಅಭಿಪ್ರಾಯ.

ಇನ್ನೂ ಹಾಕಿಸದವರಿಗೆ ಎರಡು ಮಾತು. 1 ಕಿಲೋವ್ಯಾಟ್‌ಗೆ ನೆರಳಿಲ್ಲದ ಸುಮಾರು 100 ಚದರ ಅಡಿ ಬೇಕು. ವರ್ಷದ ಸರಾಸರಿಯಲ್ಲಿ ಅದರಿಂದ ದಿನಕ್ಕೆ 4 ಯೂನಿಟ್ ಬರುತ್ತದೆ, ಆಷಾಢ-ಶ್ರಾವಣದ ಮೋಡದಲ್ಲಿ ಅಷ್ಟೂ ಇಲ್ಲ. ಫಲಕ ದಕ್ಷಿಣಕ್ಕೆ ಮುಖ ಮಾಡಿ 15 ಡಿಗ್ರಿ ಓರೆಯಾಗಿದ್ದರೆ ನಮ್ಮ ಅಕ್ಷಾಂಶಕ್ಕೆ ಸರಿ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂ. ಸಹಾಯಧನವಿದೆ, ಆದರೆ ಫಲಕದ ಸೆಲ್‌ಗಳು ದೇಶದಲ್ಲೇ ತಯಾರಾಗಿರಬೇಕು. ಗೃಹಜ್ಯೋತಿಯಿಂದ ನಿಮ್ಮ ಬಿಲ್ಲು ಈಗಾಗಲೇ ಸೊನ್ನೆ ಬರುತ್ತಿದ್ದರೆ ಮಾತ್ರ ಅವಸರ ಬೇಡ. ಉಳಿಸಲು ಬಿಲ್ಲೇ ಇಲ್ಲದಲ್ಲಿ ಹಾಕಿದ ಹಣ ತಿರುಗಿ ಬರುವುದು ಎಲ್ಲಿಂದ?

ಪ್ರಶ್ನೆ: ನಮ್ಮದು ಬೋರ್ ನೀರು. ಮೀಟರಿನಲ್ಲಿ ಟಿಡಿಎಸ್ 900 ತೋರಿಸುತ್ತದೆ. ಆರ್‌ಒ ಹಾಕಿಸಿದ ಮೇಲೆ 80ಕ್ಕೆ ಇಳಿಯಿತು. ನೀರು ಸಪ್ಪಗಿದೆ ಎಂದಾಗ ಹಾಕಿದವರು ಒಂದು ಸ್ಕ್ರೂ ತಿರುವಿ 300 ಮಾಡಿಕೊಟ್ಟರು. ಈಗ ರುಚಿ ಚೆನ್ನಾಗಿದೆ. ಫ್ಲೋರೈಡ್ ಹೋಗಿದೆ ಎಂದು ನಂಬಬಹುದೇ?
— ಓದುಗರು, ಮುಂಡರಗಿ ತಾಲ್ಲೂಕು, ಗದಗ ಜಿಲ್ಲೆ

ಉತ್ತರ: ನಂಬಬೇಡಿ. ಆ ಸ್ಕ್ರೂವೇ ಇಲ್ಲಿ ಕಳ್ಳ.

ಟಿಡಿಎಸ್ ಮೀಟರು ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಂದಾಜು ಕೊಡುತ್ತದೆ, ಯಾವ ಲವಣ ಎಂದು ಹೇಳುವುದಿಲ್ಲ. ಲೀಟರಿಗೆ 900 ಮಿಲಿಗ್ರಾಂ ಇರುವಲ್ಲಿ ಫ್ಲೋರೈಡ್ ನಾಲ್ಕಿದ್ದರೂ ಒಂದಿದ್ದರೂ ಆ ಅಂಕಿ ಬಹುತೇಕ ಅದೇ. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1.0 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಮುಂಡರಗಿ ಭಾಗದ ಬೋರ್‌ಗಳಲ್ಲಿ ಅದು ದಾಟಿರುವುದು ಹೊಸ ಸುದ್ದಿಯಲ್ಲ. ಮಕ್ಕಳ ಹಲ್ಲಿನ ಮೇಲಿನ ಕಂದು ಪಟ್ಟೆ ನೋಡಿದವರಿಗೆ ಗೊತ್ತು.

ನಿಮ್ಮ ಯಂತ್ರದ ಪೊರೆ ಫ್ಲೋರೈಡಿನ ಸುಮಾರು ಶೇ 90ರಷ್ಟನ್ನು ತಡೆಯುತ್ತದೆ. ರುಚಿಯ ಸ್ಕ್ರೂ, ಅಂದರೆ ಟಿಡಿಎಸ್ ಕಂಟ್ರೋಲರ್, ಏನು ಮಾಡುತ್ತದೆ ಗೊತ್ತೇ? ಪೊರೆಯ ಮೂಲಕ ಹೋಗದ ಹಸಿ ಬೋರ್ ನೀರನ್ನು ಪಕ್ಕದ ಕೊಳವೆಯಿಂದ ತಂದು ಶುದ್ಧ ನೀರಿಗೆ ಬೆರೆಸುತ್ತದೆ. 80ರ ನೀರು 300 ಆಗಬೇಕಾದರೆ ಕಾಲುಭಾಗಕ್ಕಿಂತ ತುಸು ಹೆಚ್ಚು, ಶೇ 27ರಷ್ಟು, ಹಸಿ ನೀರು ಸೇರಿರಬೇಕು. ನಿಮ್ಮ ಬೋರಿನಲ್ಲಿ ಫ್ಲೋರೈಡ್ 4 ಮಿಲಿಗ್ರಾಂ ಇದೆ ಎಂದುಕೊಳ್ಳಿ: ಹಸಿ ನೀರಿನಿಂದ 1.08, ಪೊರೆ ದಾಟಿದ ನೀರಿನಿಂದ 0.29, ಒಟ್ಟು 1.37. ಸಾವಿರಾರು ರೂಪಾಯಿ ಕೊಟ್ಟು ಹಾಕಿದ ಯಂತ್ರ ಮಿತಿಯ ಮೇಲಿನ ನೀರು ಕೊಡುತ್ತಿದೆ. ಸ್ಕ್ರೂವನ್ನು ಪೂರ್ತಿ ಮುಚ್ಚಿಸಿ. ಸಪ್ಪೆ ಎನಿಸಿದರೆ ಖನಿಜ ಸೇರಿಸುವ ಕಾರ್ಟ್ರಿಜ್ ಹಾಕಿಸಿ, ಹಸಿ ನೀರಲ್ಲ.

ಮೊದಲು ಬೋರ್ ನೀರನ್ನೂ ಆರ್‌ಒ ನೀರನ್ನೂ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಒಯ್ಯಿರಿ. ಬೋರನ್ನು ಹತ್ತು ನಿಮಿಷ ಓಡಿಸಿ, ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ ತುಂಬಿಸಿ. ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಗಾಜಿಗೆ ಅಂಟಿಕೊಳ್ಳುತ್ತದೆ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುತ್ತದೆ ಎಂಬುದೂ ತಪ್ಪು. ನೀರು ಆವಿಯಾಗಿ ಉಳಿದದ್ದರಲ್ಲಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ.

ಆಮೇಲೆ ತಿಂಗಳಿಗೊಮ್ಮೆ ಟಿಡಿಎಸ್ ಮೀಟರನ್ನು ಬಳಸಿ, ಆದರೆ ಪೊರೆಯ ಆರೋಗ್ಯ ನೋಡಲು. ಸ್ಕ್ರೂ ಮುಚ್ಚಿದ ಮೇಲೆ 900 ಒಳಗೆ ಹೋಗಿ 80-90 ಹೊರಗೆ ಬಂದರೆ ಸರಿ. ಹೊರಗಿನದು 180 ದಾಟಿತೆಂದರೆ ಪೊರೆ ಬದಲಿಸುವ ಕಾಲ. ಮೊದಲ ನೂಲಿನ ಫಿಲ್ಟರು ಮೂರರಿಂದ ಆರು ತಿಂಗಳು, ಇದ್ದಿಲಿನದು ವರ್ಷದೊಳಗೆ. ಒಂದು ಲೀಟರ್ ಕುಡಿಯುವ ನೀರಿಗೆ ಹೊರಹೋಗುವ ಎರಡು-ಮೂರು ಲೀಟರನ್ನು ನೆಲ ಒರೆಸಲು, ಶೌಚಾಲಯಕ್ಕೆ ಹಿಡಿದಿಡಿ. ತುಳಸಿಗೆ ಹಾಕಬೇಡಿ, ಬೋರಿನ ಲವಣವೆಲ್ಲ ಅದರಲ್ಲೇ ಇದೆ.

ಇದನ್ನೋದಿ ಹುಬ್ಬಳ್ಳಿ-ಧಾರವಾಡದವರು ಆರ್‌ಒ ಅಂಗಡಿಗೆ ಓಡಬೇಕಿಲ್ಲ. ಸವದತ್ತಿಯ ರೇಣುಕಾಸಾಗರದಿಂದ ಬರುವ ಮಲಪ್ರಭೆಯ ನೀರಿಗೆ ಲವಣದ ತೊಂದರೆ ಇಲ್ಲ. ಅಲ್ಲಿನ ಕಷ್ಟ, ನಾಲ್ಕಾರು ದಿನಕ್ಕೊಮ್ಮೆ ಬಂದ ನೀರು ಸಂಪಿನಲ್ಲಿ ಕೂತಿರುವುದು. ಅದಕ್ಕೆ ಫಿಲ್ಟರು ಮತ್ತು ಯುವಿ ಸಾಕು, ಜೊತೆಗೆ ವರ್ಷಕ್ಕೆರಡು ಸಲ ಸಂಪು ತೊಳೆಯುವ ಮನಸ್ಸು.

ಪ್ರಶ್ನೆ: 200 ಮೆಗಾಪಿಕ್ಸೆಲ್ ಕ್ಯಾಮೆರಾದ ಮೊಬೈಲ್ ಕೊಂಡೆ. ಫೋಟೊ ಮಾತ್ರ 12.5 ಮೆಗಾಪಿಕ್ಸೆಲ್‌ನವು. ಏಕೆ?
— ವಿದ್ಯಾರ್ಥಿ, ರಾಣೆಬೆನ್ನೂರು

ಉತ್ತರ: ಹದಿನಾರು ಪುಟ್ಟ ಪಿಕ್ಸೆಲ್ ಸೇರಿಸಿ ಒಂದು ಮಾಡಲಾಗುತ್ತದೆ, 200 ಭಾಗ 16 ಅಂದರೆ 12.5. ಒಂದೊಂದು ಪಿಕ್ಸೆಲ್ ಅಗಲ 0.6 ಮೈಕ್ರಾನ್‌ನಷ್ಟು. ಅಷ್ಟು ಸಣ್ಣದಕ್ಕೆ ಬೆಳಕು ಸಾಲದು, ಸಂಜೆಯಾದರೆ ಚಿತ್ರ ಕಾಳುಕಾಳು. ಸೆಟ್ಟಿಂಗಿನಲ್ಲಿ 200 ಆರಿಸಬಹುದು. ಹೊರಗೆ ಬಿಸಿಲು, ಕದಲದ ವಸ್ತು, ಫೋನು ಗೋಡೆಗೆ ಒರಗಿದೆ ಎಂದರೆ ಮಾತ್ರ ಉಪಯೋಗ. ಮುಂದಿನ ಸಲ ಪೆಟ್ಟಿಗೆಯ ಮೇಲೆ ಮೆಗಾಪಿಕ್ಸೆಲ್ ಬದಲು ಸೆನ್ಸರಿನ ಅಳತೆ ಹುಡುಕಿ. ಅದನ್ನು ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ, ಅಥವಾ ಹಾಕಿರುವುದೇ ಇಲ್ಲ.

ಪ್ರಶ್ನೆ: ಹೊಲದಾಗ 5 ಎಚ್‌ಪಿ ಸಬ್‌ಮರ್ಸಿಬಲ್ ಐತಿ. ಮೊಬೈಲ್ ಸ್ಟಾರ್ಟರ್ ಹಾಕ್ಸಿದ ಮ್ಯಾಲೆ ಎರಡು ಸಲ ಮೋಟಾರ್ ಸುಟ್ಟೈತಿ. ಮೆಣಸಿನ ಗಿಡ ಒಣಗಾಕತ್ಯಾವ. ಸ್ಟಾರ್ಟರ್ ಕಿತ್ತು ಒಗೀಲೇನ್ರಿ?
— ರೈತ, ಬ್ಯಾಡಗಿ ತಾಲ್ಲೂಕು

ಉತ್ತರ: ಕಿತ್ತೊಗೆಯಬೇಡಿ, ಅದಕ್ಕೆ ಹೇಳಬೇಕಾದ್ದನ್ನು ಯಾರೂ ಹೇಳಿಲ್ಲ. ಮೊಬೈಲ್ ಸ್ಟಾರ್ಟರ್ ಬರುವ ಮುಂಚೆ ನೀವು ಬೋರಿನ ಹತ್ತಿರ ನಿಂತು ಮೋಟಾರಿನ ಸದ್ದು ಕೇಳುತ್ತಿದ್ದಿರಿ, ಪೈಪಿನ ನೀರು ನೋಡುತ್ತಿದ್ದಿರಿ. ಈಗ ಮನೆಯಲ್ಲಿ ಕೂತು ಒತ್ತುತ್ತೀರಿ. ಆ ಕಣ್ಣು-ಕಿವಿಯ ಕೆಲಸ ಅದರ ಸೆಟ್ಟಿಂಗ್ ಮಾಡಬೇಕು.

ಎಲೆಕ್ಟ್ರಿಶಿಯನ್‌ನನ್ನು ಕ್ಲಾಂಪ್ ಮೀಟರ್ ಸಮೇತ ಕರೆಯಿರಿ. ನೀರು ತುಂಬಿ ಬರುವಾಗ ಮೂರೂ ಫೇಸಿನ ಆಂಪಿಯರ್ ಬರೆದುಕೊಳ್ಳಲಿ. 10 ಬಂತೆನ್ನಿ. ಬೋರ್ ಬತ್ತಿ ಗಾಳಿ ಎಳೆಯತೊಡಗಿದರೆ ಅದು ಆರು-ಏಳಕ್ಕೆ ಬೀಳುತ್ತದೆ. ಆದ್ದರಿಂದ ಡ್ರೈ ರನ್ ಮಿತಿಯನ್ನು 7.5ರ ಹತ್ತಿರ ಇಡಿ. ಓವರ್‌ಲೋಡನ್ನು ಮೋಟಾರಿನ ಪ್ಲೇಟಿನ ಮೇಲಿನ ಆಂಪಿಯರ್‌ಗಿಂತ ಶೇ 5-10 ಮಾತ್ರ ಮೇಲೆ. ಮತ್ತೆಮತ್ತೆ ಟ್ರಿಪ್ ಆಗುತ್ತದೆಂದು ಅದನ್ನು 15ಕ್ಕೆ ಏರಿಸಿ ಹೋಗುವ ಮೇಸ್ತ್ರಿಗಳಿಂದಲೇ ಅರ್ಧ ಮೋಟಾರುಗಳು ಸುಡುವುದು.

ದೊಡ್ಡ ಕಾರಣ ಫೇಸ್ ಹೋಗುವುದು. ಓಡುವಾಗ ಒಂದು ಫೇಸ್ ಹೋದರೆ ಉಳಿದೆರಡರ ಮೇಲೆ ಸುಮಾರು 1.7 ಪಟ್ಟು ಕರೆಂಟು ಬೀಳುತ್ತದೆ, ಕೆಲವು ನಿಮಿಷದಲ್ಲೇ ವೈಂಡಿಂಗ್ ಕರಿಕು. ಇದನ್ನು ತಡೆಯುವ ಸೌಲಭ್ಯ ನಿಮ್ಮ ಸ್ಟಾರ್ಟರಿನಲ್ಲೇ ಇರುತ್ತದೆ. ಆದರೆ ಎರಡು ಫೇಸಿನಲ್ಲಿ ಕಂಡೆನ್ಸರ್ ಹಾಕಿ ಓಡಿಸುವ ರೂಢಿಗಾಗಿ ಅದನ್ನು ಬೈಪಾಸ್ ಮಾಡಿರುತ್ತಾರೆ. ಡಬ್ಬಿ ತೆಗೆಸಿ ಅದನ್ನೇ ಮೊದಲು ನೋಡಿಸಿ.

ಇನ್ನೊಂದು, ಆಟೊ ಮೋಡ್. ತ್ರೀ ಫೇಸ್ ಬಂದ ತಕ್ಷಣ ಒಂದೇ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲಿನ ಎಲ್ಲರ ಮೋಟಾರು ಒಟ್ಟಿಗೆ ಎದ್ದರೆ ವೋಲ್ಟೇಜು ಕುಸಿಯುತ್ತದೆ, ಯಾವುದೂ ಸರಿಯಾಗಿ ಏಳುವುದಿಲ್ಲ, ಎಲ್ಲವೂ ಬಿಸಿಯಾಗುತ್ತವೆ. ಅಕ್ಕಪಕ್ಕದ ಹೊಲದವರು ಮಾತಾಡಿಕೊಂಡು ಒಬ್ಬರು 30 ಸೆಕೆಂಡು, ಒಬ್ಬರು ಒಂದು ನಿಮಿಷ, ಒಬ್ಬರು ಎರಡು ನಿಮಿಷ ತಡ ಇಟ್ಟುಕೊಳ್ಳಿ. ಕೇಬಲ್ಲೂ ನೋಡಿ: 200 ಮೀಟರ್ ಉದ್ದಕ್ಕೆ 2.5 ಚದರ ಎಂಎಂ ತಾಮ್ರದ ಕೇಬಲ್‌ನಲ್ಲಿ 10 ಆಂಪಿಯರ್ ಹರಿದರೆ ಸುಮಾರು 20 ವೋಲ್ಟ್ ದಾರಿಯಲ್ಲೇ ಹೋಗುತ್ತದೆ, 4 ಚದರ ಎಂಎಂ ಆದರೆ 13. ಹಳ್ಳಿಯ ಲೈನಿನಲ್ಲಿ ಆ ಏಳು ವೋಲ್ಟೂ ದೊಡ್ಡದು.

ಸ್ಟಾರ್ಟರಿಗೆ ಹೊಸ ಸಿಮ್ ಕೊಳ್ಳುವಾಗ ಒಳಗಿನ ಮಾಡ್ಯೂಲ್ 2ಜಿಯೋ 4ಜಿಯೋ ಕೇಳಿ. ಜಿಯೋ ಜಾಲದಲ್ಲಿ 2ಜಿ ಇಲ್ಲವೇ ಇಲ್ಲ. ಹಳೆಯ ಮಾಡ್ಯೂಲಿಗೆ ಆ ಸಿಮ್ ಹಾಕಿ ನೂರು ಸಲ ರಿಂಗ್ ಕೊಟ್ಟರೂ ಮೋಟಾರು ಏಳದು.

ಪ್ರಶ್ನೆ: ಕಪ್ಪತಗುಡ್ಡದ ಕಡೆ ಗಾಳಿ ಜೋರಿದ್ದರೂ ಕೆಲವು ಗಾಳಿ ಫ್ಯಾನುಗಳು ನಿಂತೇ ಇರುತ್ತವೆ, ಪಕ್ಕದ್ದು ತಿರುಗುತ್ತದೆ. ಕೆಟ್ಟಿವೆಯೇ? ತಿರುಗುವುದೂ ಇಷ್ಟು ನಿಧಾನವೇಕೆ?
— ಪ್ರೌಢಶಾಲಾ ವಿದ್ಯಾರ್ಥಿನಿ, ಗದಗ

ಉತ್ತರ: ಗಾಳಿ ಸೆಕೆಂಡಿಗೆ 3 ಮೀಟರ್ ಮುಟ್ಟದಿದ್ದರೆ ತಿರುಗಿದರೂ ಕರೆಂಟಿಲ್ಲ, 25 ದಾಟಿದರೆ ಮುರಿದೀತೆಂದು ಯಂತ್ರ ತಾನೇ ರೆಕ್ಕೆ ಓರೆ ಮಾಡಿ ನಿಲ್ಲುತ್ತದೆ. ನೀನು ನೋಡಿದ್ದು ಬಹುಶಃ ದುರಸ್ತಿಗೆ ನಿಲ್ಲಿಸಿದ್ದು, ಇಲ್ಲವೇ ಗ್ರಿಡ್‌ಗೆ ಕರೆಂಟು ಹೆಚ್ಚಾದಾಗ ಕಡಿಮೆ ಮಾಡಿ ಎಂದು ಆದೇಶ ಬಂದಿದ್ದು. ಹಳೆಯ ಹೊಸ ಮಾದರಿಗಳು ಒಂದೇ ಸಾಲಿನಲ್ಲಿ ನಿಂತಿರುವುದರಿಂದ ಒಂದು ಎದ್ದ ಗಾಳಿಗೆ ಇನ್ನೊಂದು ಏಳದಿರುವುದೂ ಉಂಟು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟು. ಜೂನ್-ಆಗಸ್ಟಿನ ಪಡುವಣ ಗಾಳಿಯಲ್ಲಿ ಇವುಗಳ ಸುಗ್ಗಿ ಅದಕ್ಕೇ.

ನಿಧಾನ ಎಂದೆಯಲ್ಲ, ಒಂದು ಲೆಕ್ಕ ಮಾಡು. ರೆಕ್ಕೆ 50 ಮೀಟರ್ ಉದ್ದ, ನಿಮಿಷಕ್ಕೆ 14 ಸುತ್ತು. ತುದಿ ಒಂದು ಸುತ್ತಿಗೆ 314 ಮೀಟರ್ ಓಡುತ್ತದೆ. ತಾಸಿಗೆ ಎಷ್ಟು ಕಿಲೋಮೀಟರ್? 264. ನಮ್ಮ ವಂದೇ ಭಾರತ್ ರೈಲಿಗಿಂತ ಜೋರು.