ಮಣ್ಣಿನ ಖರ್ಚು, ಹೊಲದ ಪಾಲು

(ಗುರುತು ಸಿಗದಂತೆ ವಿವರಗಳನ್ನೂ ಮೊತ್ತಗಳನ್ನೂ ಬದಲಿಸಲಾಗಿದೆ.)

ಕಲಬುರಗಿ ಜಿಲ್ಲೆಯಲ್ಲಿ ಆಸ್ತಿ ಜಗಳವೆಂದು ಸಲಹೆಗೆ ಬರುವ ಕುಟುಂಬಗಳ ಮಾತು ಕೆದಕಿದರೆ, ಬುಡದಲ್ಲಿ ಎಷ್ಟೋ ಸಲ ಒಂದು ಸಾವಿನ ಖರ್ಚು ಇರುತ್ತದೆ. ಇದೂ ಅಂಥದ್ದೇ.

ತಂದೆ ಸೊಲ್ಲಾಪುರದ ಆಸ್ಪತ್ರೆಯಲ್ಲಿ ತೀರಿಕೊಂಡರು. ಹಿರಿಯ ಮಗ ಊರಲ್ಲಿ ತೊಗರಿ ಬೆಳೆಯುತ್ತಾರೆ, ಕಿರಿಯವರು ಪುಣೆಯಲ್ಲಿ ಕೆಲಸಕ್ಕಿದ್ದಾರೆ, ನಡುವಿನವರು ಮಗಳು. ಮಣ್ಣು ಮಾಡಿದ್ದು, ಶಿವಗಣಾರಾಧನೆ (ಸತ್ತವರ ಹೆಸರಲ್ಲಿ ಊಟ ಹಾಕುವ ಕಾರ್ಯ) ನಡೆಸಿದ್ದು ಎಲ್ಲ ಅಣ್ಣನೇ. ಒಟ್ಟು 1,42,000 ರೂಪಾಯಿ. ಅದರಲ್ಲಿ ಒಂದು ಲಕ್ಷ ನೂರಕ್ಕೆ ಮೂರರ ಬಡ್ಡಿಗೆ ತಂದ ಸಾಲ. ತಿಂಗಳಿಗೆ 3,000 ಬಡ್ಡಿಗೇ ಹೋಗುತ್ತಿತ್ತು. ಪುಣೆಯ ತಮ್ಮ ದುಡ್ಡು ಕಳಿಸಲಿಲ್ಲ. ಅಣ್ಣ ತಂಗಿಯ ಮುಂದೆ ಹಕ್ಕು ಬಿಡುಗಡೆ ಪತ್ರ ಇಟ್ಟರು.

"ಅಪ್ಪನ ಮಣ್ಣಿಗಿ ನಾ ಖರ್ಚ ಮಾಡೀನ್ರಿ. ಹೊಲದಾಗ ಇವ್ರ ಪಾಲು ಎಲ್ಲಿಂದ ಬಂತು?" ಎಂಬುದು ಅವರ ವಾದ.

ಎರಡನೇ ಭೇಟಿಗೆ ಖರ್ಚಿನ ನೋಟ್‌ಬುಕ್ ತರಲು ಹೇಳಿದ್ದೆ. ತಮ್ಮ ಪುಣೆಯಿಂದ ಫೋನಿನಲ್ಲಿದ್ದರು. ಒಂದೊಂದೇ ಸಾಲು ಗಟ್ಟಿಯಾಗಿ ಓದಿಸಿದೆ. ಸೊಲ್ಲಾಪುರದಿಂದ ಆಂಬುಲೆನ್ಸ್ 6,500. ಕುಣಿ ತೋಡಿದವರಿಗೆ 2,500. ಹೆಣ ಹೊರುವ ವಿಮಾನ, ಹೂವು 4,000. ವಿಭೂತಿ, ಉಪ್ಪು, ಬಿಲ್ವಪತ್ರೆ, ಬಟ್ಟೆ 3,000. ಅಯ್ಯನವರ ದಕ್ಷಿಣೆ 2,000. ಭಜನೆಯವರಿಗೆ 3,000. ಆಮೇಲೆ ಶಾಮಿಯಾನ, ಅಡುಗೆಯವರು, ರೇಷನ್ ಸೇರಿ 78,000. ನೆಂಟರಿಗೆ ಕೊಡುವ ಆಯೇರದ ಬಟ್ಟೆ 31,000. ಬ್ಯಾನರ್, ಬ್ಯಾಂಡು 12,000.

ತಂಗಿ ನೋಟ್‌ಬುಕ್ ಎಳೆದುಕೊಂಡು ಆರನೇ ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಹೊಡೆದರು. "ಅಣ್ಣಾ, ಅಪ್ಪಗ ಆದದ್ದು ಇಲ್ಲಿತನ. ಇದರ ಕೆಳಗಿನದು ಊರಿಗಿ ಉಣಿಸಿದ್ದು."

ಅಣ್ಣನ ಮುಖ ಕೆಂಪಾಯಿತು. ಫೋನಿನತ್ತ ತಿರುಗಿ, "'ಜೋರ್ ಮಾಡಣ್ಣಾ, ನಾ ಅದೀನಿ' ಅಂದಾಂವ ನೀನ ಅಲ್ಲೇನು?" ಎಂದರು. ಆ ಕಡೆ ಬಹಳ ಹೊತ್ತು ಸದ್ದಿಲ್ಲ. "ಅಂದಿದ್ನಿ. ಇಷ್ಟ ಆಗ್ತದಂತ ಗೊತ್ತಿದ್ದಿಲ್ಲ."

ಜಗಳದ ಬೇರು ಇದೇ. ಸಾವಿನ ಮನೆಯಲ್ಲಿ "ನಾನಿದ್ದೇನೆ" ಎನ್ನುವವರು ಬಹಳ, ಎಷ್ಟು ಕೊಡುತ್ತೇನೆಂದು ಅಂಕಿ ಹೇಳುವವರು ಕಡಿಮೆ. ಅಂಕಿಯಿಲ್ಲದ ಮಾತನ್ನು ನಂಬಿ ಒಬ್ಬರು ಸಾಲ ಎತ್ತುತ್ತಾರೆ.

ತಂಗಿ ಹೊಡೆದ ಗೆರೆಯನ್ನೇ ಹಿಡಿದು ಲೆಕ್ಕ ಮಾಡಿಸಿದೆ. ಗೆರೆ ಮೇಲಿನ 21,000 ಮೂವರಿಗೂ ಸಮ, ತಲಾ 7,000. ಕೆಳಗಿನದು ಮಾಡಿದವರದು ಮತ್ತು ಮಾಡು ಎಂದವರದು. ಅದು 1,21,000. ಬೀಗರು, ಸಂಬಂಧಿಕರು ಕೈಗೆ ಕೊಟ್ಟ 11,000 ನೋಟ್‌ಬುಕ್ಕಿನಲ್ಲಿ ಇರಲೇ ಇಲ್ಲ; ಖರ್ಚು ಬರೆಯುವವರು ಬಂದದ್ದನ್ನು ಬರೆಯುವುದಿಲ್ಲ, ಅನುಮಾನ ಹುಟ್ಟುವುದೇ ಅಲ್ಲಿ. ಅದನ್ನು ಕಳೆದು ಅಣ್ಣ ತಮ್ಮಂದಿರಿಗೆ ತಲಾ 55,000. ಪುಣೆಯ ತಮ್ಮ ಮಣ್ಣಿನ ಪಾಲಾದ 7,000ವನ್ನೂ ಈ 55,000ದಲ್ಲಿ 20,000ವನ್ನೂ ತಕ್ಷಣ, ಉಳಿದ 35,000ವನ್ನು ತಿಂಗಳಿಗೆ 5,000ದಂತೆ ಏಳು ಕಂತಿನಲ್ಲಿ ಕೊಡಬೇಕು. ಬಂದ ದುಡ್ಡು ಸೀದಾ ಸಾಲದ ಅಸಲಿಗೆ ಹೋಗಬೇಕು, ಪ್ರತಿ ಸಲ ರಸೀದಿ ಬರೆಸಿಕೊಳ್ಳಬೇಕು. ಸಾಲ ತೀರಿದ ದಿನವೇ ಪ್ರಾಮಿಸರಿ ನೋಟು, ಖಾಲಿ ಚೆಕ್ಕು ವಾಪಸ್ ಪಡೆಯಬೇಕು.

ಹೆಣ್ಣುಮಗಳಿಂದ ಯಾಕೆ ವಸೂಲಿ ಎಂದು ಕೆಲವು ಹಿರಿಯರು ನನ್ನನ್ನು ಆಕ್ಷೇಪಿಸಿದ್ದಾರೆ. ಅವರು ಮಗಳು, ಅಪ್ಪನ ಮಣ್ಣಿಗೆ ಕೈಜೋಡಿಸುವುದು ಅವರಿಗೂ ಸೇರಿದ್ದು. ಆದರೆ ಆ 7,000 ಕೊಟ್ಟರೂ ಕೊಡದಿದ್ದರೂ ಅವರ ಪಾಲು ಪಾಲೇ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ಅದು ಹುಟ್ಟಿನಿಂದಲೇ ಬಂದದ್ದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಸಾವಿನ ಖರ್ಚು ಕೊಟ್ಟವರಿಗೆ ಕೇಳುವ ಹಕ್ಕು ಇರುವುದು ಆ ದುಡ್ಡಿನ ಮೇಲೆ, ಹೊಲದ ಮೇಲಲ್ಲ. ಸೂತಕದ ದಿನಗಳಲ್ಲಿ ಯಾವ ಬಿಡುಗಡೆ ಪತ್ರಕ್ಕೂ ಸಹಿ ಹಾಕಬೇಡಿ ಎಂದು ಪ್ರತಿ ಹೆಣ್ಣುಮಗಳಿಗೂ ಹೇಳುತ್ತೇನೆ.

ತಂದೆಯ ಖಾತೆಯಲ್ಲಿ 24,000 ಇತ್ತು. ಸತ್ತವರ ಸ್ವಂತ ದುಡ್ಡಿನಿಂದ, ಬೇರೆ ಸಾಲಗಳಿಗಿಂತ ಮೊದಲು, ಅಂತ್ಯಕ್ರಿಯೆಯ ಯೋಗ್ಯ ಖರ್ಚು ತೀರಿಸಬೇಕೆಂದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 320ನೇ ಕಲಮು ಹೇಳುತ್ತದೆ. ಆ ದುಡ್ಡನ್ನೇ ಬಳಸಬಹುದಿತ್ತು. ಆದರೂ ಮುಟ್ಟಬೇಡಿ ಎಂದೆ: ತಾಯಿಗೆ ಕೈಯಲ್ಲಿ ಬೇರೆ ಕಾಸಿಲ್ಲ. ಮೂವರೂ ಒಪ್ಪಿದರು. ನಾಮಿನಿ ತಾಯಿಯೇ, ಮರಣ ಪ್ರಮಾಣಪತ್ರ ಮಾತ್ರ ಇರಲಿಲ್ಲ. ಆಸ್ಪತ್ರೆಯ ಚೀಟಿ ಹಿಡಿದು ಊರಿನ ಪಂಚಾಯಿತಿಗೆ ಅಲೆಯುತ್ತಿದ್ದರು. ಸಾವು ಎಲ್ಲಿ ಆಯಿತೋ ನೋಂದಣಿ ಅಲ್ಲೇ. ಸೊಲ್ಲಾಪುರದಲ್ಲಾದರೆ ಅಲ್ಲಿನ ಮಹಾನಗರಪಾಲಿಕೆಯಲ್ಲಿ. 21 ದಿನದೊಳಗೆ ಮಾಹಿತಿ ಹೋದರೆ ಶುಲ್ಕವಿಲ್ಲ. ಹೆಣ ತರುವಾಗಲೇ ಆಸ್ಪತ್ರೆ ಮಾಹಿತಿ ಕಳಿಸುತ್ತದೆಯೇ, ಹೆಸರಿನ ಅಕ್ಷರ ಆಧಾರ್‌ನಲ್ಲಿದ್ದಂತೆಯೇ ಇದೆಯೇ ಎಂದು ಒಬ್ಬರು ನಿಂತು ನೋಡಿಕೊಳ್ಳಬೇಕು. ಅಲ್ಲಿ ಮರಾಠಿಯಲ್ಲಿ ಬರೆಯುವಾಗ ಹೆಸರು ತಪ್ಪಿದರೆ ಬ್ಯಾಂಕು ಒಪ್ಪುವುದಿಲ್ಲ.

ಒಪ್ಪಂದದ ಹಾಳೆಗೆ ಮೂವರೂ ಸಹಿ ಹಾಕಿದರು; ತಮ್ಮನ ಪ್ರತಿ ಅಂಚೆಯಲ್ಲಿ ಹೋಗಿ ಬಂತು. ಕೊನೆಗೆ ವರ್ಷದ ಕಾರ್ಯದ ಮಾತೂ ಬರೆಸಿದೆ: ಮನೆಯವರು, ಬೀಗರು ಮಾತ್ರ, 15,000 ಮೀರುವಂತಿಲ್ಲ, ತಲಾ 5,000 ಮೊದಲೇ ತಾಯಿಯ ಕೈಗೆ. ಅಣ್ಣ ಅದಕ್ಕೆ ಒಪ್ಪಲು ತುಸು ಹೊತ್ತು ಬೇಕಾಯಿತು.